ಬೋರ್ಡ್‌ನಲ್ಲಿ ಎಷ್ಟು ರ‍್ಯಾಮ್ ಇದೆ ಎಂದು ಬೂಟ್‌ಲೋಡರ್ ತಾನೇ ಕಂಡುಕೊಳ್ಳಬಹುದೇ?

ಪ್ರಶ್ನೆ: ನಮ್ಮ ಉತ್ಪನ್ನದ ಹಳೆಯ ಬೋರ್ಡ್‌ಗಳಲ್ಲಿ 256 ಎಂಬಿ ಡಿಡಿಆರ್3 (ಒಂದು ಬಗೆಯ ರ‍್ಯಾಮ್) ಇದೆ. ಆ ಚಿಪ್ ಸಿಗುವುದು ಕಷ್ಟವಾದ್ದರಿಂದ ಹೊಸ ಬೋರ್ಡ್‌ಗಳಿಗೆ 512 ಎಂಬಿ ಹಾಕಿದ್ದೇವೆ. ಎರಡಕ್ಕೂ ಒಂದೇ ಬೂಟ್‌ಲೋಡರ್ (ಲಿನಕ್ಸ್‌ಗಿಂತ ಮೊದಲು ಓಡಿ ಅದನ್ನು ಶುರುಮಾಡುವ ಪ್ರೋಗ್ರಾಂ; ನಮ್ಮದು ಯು-ಬೂಟ್) ಇರಲಿ ಎಂದು, ಗಾತ್ರವನ್ನು ಯು-ಬೂಟ್‌ನ ‘ಗೆಟ್ ರ‍್ಯಾಮ್ ಸೈಜ್’ ಫಂಕ್ಷನ್‌ನಿಂದ ತಿಳಿಯುವಂತೆ ಮಾಡಿದೆವು. ಈಗ ಕೆಲವು ಹಳೆಯ ಬೋರ್ಡ್‌ಗಳು 512 ಎಂಬಿ ಎಂದು ತೋರಿಸುತ್ತವೆ. ಲಿನಕ್ಸ್ ಬಂದು ಸ್ವಲ್ಪ ಹೊತ್ತಿನ ಮೇಲೆ ಕುಸಿಯುತ್ತವೆ. ನಂಬಿಕೆಗೆ ಅರ್ಹವಾದ ವಿಧಾನ ಯಾವುದು?

ಉತ್ತರ: ನಿಮ್ಮ ಎರಡು ಬಗೆಯ ಬೋರ್ಡ್‌ಗಳಿಗೂ ಒಂದೇ ಬೂಟ್‌ಲೋಡರ್ ಸಾಕು. ಆದರೆ ಆ ಫಂಕ್ಷನ್ ಒಂದನ್ನೇ ನೆಚ್ಚಿಕೊಳ್ಳಬಾರದು. ಎಷ್ಟು ಮೆಮೊರಿ ಇದೆ ಎಂದು ನೀವು ಕೇಳುತ್ತಿದ್ದೀರಿ; ವಿಳಾಸಗಳು ಯಾವ ಹಂತದಲ್ಲಿ ಸುತ್ತಿ ಮತ್ತೆ ಮೊದಲಿಗೆ ಬರುತ್ತವೆ ಎಂದಷ್ಟೇ ಅದು ಹೇಳುತ್ತದೆ. ಕೆಲವು ಷರತ್ತುಗಳು ಕೂಡಿಬಂದಾಗ ಮಾತ್ರ ಎರಡಕ್ಕೂ ಉತ್ತರ ಒಂದೇ ಆಗಿರುತ್ತದೆ. ಆ ಷರತ್ತುಗಳನ್ನು ಬಲ್ಲವರಿಗೆ ಇದು ಅಚ್ಚುಕಟ್ಟಾದ ಉಪಕರಣ.

256 ಎಂಬಿ ಚಿಪ್‌ಗೆ 512 ಎಂಬಿಯ ವಿಳಾಸ ವ್ಯಾಪ್ತಿ ಕೊಟ್ಟರೆ ಮೇಲಿನ ಅರ್ಧವನ್ನು ಓದುವಾಗ ಸಾಮಾನ್ಯವಾಗಿ ಯಾವ ದೋಷವೂ ಕಾಣುವುದಿಲ್ಲ. ಎಲ್ಲಕ್ಕಿಂತ ಮೇಲಿನ ವಿಳಾಸ ತಂತಿ ಚಿಪ್‌ನೊಳಗೆ ಎಲ್ಲಿಗೂ ತಲುಪದ ಕಾರಣ, ಮೇಲಿನ ಅರ್ಧದ ಪ್ರತಿ ವಿಳಾಸವೂ ಕೆಳಗಿನ ಅರ್ಧದ ಒಂದು ಜಾಗಕ್ಕೇ ಹೋಗುತ್ತದೆ. ಒಂದೇ ಮನೆಗೆ ಎರಡು ಬಾಗಿಲ ಸಂಖ್ಯೆ ಬರೆದಂತೆ. ಇದನ್ನು ಏಲಿಯಾಸಿಂಗ್ ಎನ್ನುತ್ತಾರೆ. ಗೆಟ್ ರ‍್ಯಾಮ್ ಸೈಜ್ ಈ ಗುಣವನ್ನೇ ಅಳತೆಗೋಲಾಗಿ ಬಳಸುತ್ತದೆ.

ಅದು ನಡೆಯುವ ರೀತಿ ಹೀಗೆ. ಗರಿಷ್ಠ ವ್ಯಾಪ್ತಿ 1 ಜಿಬಿ ಎಂದು ಕೊಟ್ಟಿದ್ದೀರಿ ಎಂದುಕೊಳ್ಳಿ. ಮೊದಲು 512 ಎಂಬಿ ದೂರದ ಪದವನ್ನು (ಒಂದೇ ಸಲಕ್ಕೆ ಓದುವ ಮೆಮೊರಿಯ ತುಣುಕನ್ನು) ಓದಿ ಎತ್ತಿಟ್ಟುಕೊಂಡು, ಅಲ್ಲಿ ಆ ಸ್ಥಾನಕ್ಕೇ ವಿಶಿಷ್ಟವಾದ ಒಂದು ಮೌಲ್ಯವನ್ನು ಬರೆಯುತ್ತದೆ. ಆಮೇಲೆ 256, 128, 64 ಎಂದು ಅರ್ಧಿಸುತ್ತಾ ಕೆಳಗಿಳಿಯುತ್ತದೆ. ಕೊನೆಯಲ್ಲಿ ಆರಂಭದ ವಿಳಾಸದಲ್ಲಿ ಸೊನ್ನೆ ಬರೆಯುತ್ತದೆ. ನಂತರ ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋಗುತ್ತದೆ. ಚಿಪ್ 256 ಎಂಬಿಯದಾದರೆ 128ರವರೆಗೆ ಬರೆದದ್ದೇ ಸಿಗುತ್ತದೆ, 256ರ ಜಾಗದಲ್ಲಿ ಮಾತ್ರ ಸೊನ್ನೆ ಸಿಗುತ್ತದೆ. ಅಲ್ಲಿಗೆ ಗಾತ್ರ ಇತ್ಯರ್ಥ. ಎತ್ತಿಟ್ಟದ್ದನ್ನು ಮರಳಿ ಇಡುವ ಕ್ರಮವೂ ಮುಖ್ಯ. ಸುತ್ತಿಬರುವ ವಿಳಾಸಗಳೆಲ್ಲ ಆರಂಭದ ಜಾಗವೇ ಆಗಿರುವುದರಿಂದ ಅಲ್ಲಿನ ನಿಜವಾದ ಹಳೆಯ ಮೌಲ್ಯ ಮೊಟ್ಟಮೊದಲು ಎತ್ತಿಟ್ಟದ್ದರಲ್ಲಿರುತ್ತದೆ. ಆಮೇಲೆ ಓದಿದ್ದೆಲ್ಲ ನಾವೇ ಬರೆದ ಗುರುತುಗಳು. ಆದ್ದರಿಂದ ಕೊನೆಗೆ ಎತ್ತಿಟ್ಟದ್ದು ಮೊದಲು, ಮೊದಲು ಎತ್ತಿಟ್ಟದ್ದು ಕೊನೆಗೆ ಹೋಗಬೇಕು. ಈ ಕೋಡನ್ನು ತಾವೇ ಹೊಸದಾಗಿ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಯಾವ ಮೆಮೊರಿಯನ್ನು ಅಳೆಯುತ್ತಿದ್ದೇವೋ ಅದರಲ್ಲೇ ಬೂಟ್‌ಲೋಡರ್ ಕೂತಿದ್ದರೆ ಇನ್ನಷ್ಟು ಎಚ್ಚರ ಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಪ್ರೊಸೆಸರ್‌ಗಳಲ್ಲಿ ಡಿರ‍್ಯಾಮ್ (ಡಿಡಿಆರ್ ಬಗೆಯ ಮುಖ್ಯ ಮೆಮೊರಿ) ಹೆಕ್ಸ್ (ಹದಿನಾರರ ಮೂಲದ ಸಂಖ್ಯೆ) 80000000ದಿಂದ ಶುರುವಾಗುತ್ತದೆ, ಯು-ಬೂಟ್ ಹೆಕ್ಸ್ 80800000ದಲ್ಲಿ ಬಂದು ಕೂರುತ್ತದೆ. ಎರಡರ ನಡುವಿನ ದೂರ ಸರಿಯಾಗಿ 8 ಎಂಬಿ, ಅಂದರೆ ಎರಡರ ಘಾತ. ಹಾಗಾಗಿ ಪರೀಕ್ಷೆ ಯು-ಬೂಟ್‌ನ ಮೊದಲ ಪದದ ಮೇಲೆಯೇ ಬರೆಯುತ್ತದೆ. ಅದು ಆಗಲೇ ಓಡಿ ಮುಗಿದ ರೀಸೆಟ್ ಸೂಚನೆ, ಮತ್ತು ಹಳೆಯ ಮೌಲ್ಯ ಮರಳಿ ಬರುತ್ತದೆ; ಆದ್ದರಿಂದ ತೊಂದರೆಯಾಗುವುದಿಲ್ಲ. ನಿಮ್ಮ ಕೋಡ್ ಬೇರೆ ಜಾಗದಲ್ಲಿದ್ದು ಅಂಥದೇ ವಿಳಾಸದಲ್ಲಿ ಸ್ಟ್ಯಾಕ್ (ಓಡುತ್ತಿರುವ ಕೋಡ್‌ನ ತಾತ್ಕಾಲಿಕ ಮೌಲ್ಯಗಳ ಜಾಗ) ಇದ್ದರೆ ಅದೇ ಅದೃಷ್ಟ ಇರುವುದಿಲ್ಲ. ಅಳತೆಯ ಕೆಲಸವನ್ನು ಪ್ರೊಸೆಸರ್‌ನ ಒಳಗಿನ ಸಣ್ಣ ಎಸ್‌ರ‍್ಯಾಮ್‌ನಲ್ಲಿ ಓಡುವ ಮೊದಲ ಹಂತದ ಲೋಡರ್‌ನಲ್ಲೇ ಮುಗಿಸುವುದು ನನ್ನ ಆಯ್ಕೆ.

ಈಗ ನಿಮ್ಮ ಬೋರ್ಡ್‌ಗಳ ವಿಷಯ. ಮೊದಲ ಷರತ್ತು, ಡೇಟಾ ಕ್ಯಾಶ್ (ಪ್ರೊಸೆಸರ್‌ನೊಳಗಿನ ಚಿಕ್ಕ, ವೇಗದ ತಾತ್ಕಾಲಿಕ ಮೆಮೊರಿ) ಆಫ್ ಇರಬೇಕು. ಅದು ಆನ್ ಇರುವಾಗ ಈ ಪರೀಕ್ಷೆ ನಡೆಯುತ್ತಿದೆಯೇ ಎಂದು ಮೊಟ್ಟಮೊದಲು ನೋಡಿ. ಆನ್ ಇದ್ದರೆ ಬರೆದದ್ದು ಡಿರ‍್ಯಾಮ್‌ವರೆಗೆ ಹೋಗದೆ ಕ್ಯಾಶ್‌ನಲ್ಲೇ ಉಳಿಯಬಹುದು, ಓದಿದಾಗ ಅಲ್ಲಿಂದಲೇ ವಾಪಸ್ ಬರಬಹುದು. ಕ್ಯಾಶ್‌ನ ದೃಷ್ಟಿಯಲ್ಲಿ ಸೊನ್ನೆಯ ವಿಳಾಸ ಮತ್ತು 256 ಎಂಬಿಯ ವಿಳಾಸ ಬೇರೆ ಬೇರೆ, ಆದ್ದರಿಂದ ಸುತ್ತುವಿಕೆ ಕಾಣುವುದೇ ಇಲ್ಲ. ಕ್ಯಾಶ್‌ನ ಯಾವ ತುಣುಕು ಯಾವಾಗ ಡಿರ‍್ಯಾಮ್‌ಗೆ ಹೊರಬಿತ್ತು ಎನ್ನುವುದರ ಮೇಲೆ ಫಲಿತಾಂಶ ನಿಂತಿರುವುದರಿಂದ, ಒಂದೇ ಬೋರ್ಡ್ ಒಮ್ಮೆ ಸರಿ, ಒಮ್ಮೆ ತಪ್ಪು ಹೇಳಬಹುದು. ಪಾಯಿಂಟರ್ ವೊಲಟೈಲ್ ಆಗಿರಬೇಕು (ಪ್ರತಿ ಸಲವೂ ನಿಜವಾಗಿ ಓದು, ಬರೆ ಎಂದು ಕಂಪೈಲರ್‌ಗೆ ಹೇಳುವ ಗುರುತು), ಬರೆಯುವ ಮತ್ತು ಓದುವ ನಡುವೆ ಬ್ಯಾರಿಯರ್ ಸೂಚನೆ (ಹಿಂದಿನದು ಮುಗಿಯುವವರೆಗೆ ಕಾಯಿಸುವ ಸೂಚನೆ) ಇರಬೇಕು ಎನ್ನುವುದೂ ಇದೇ ಕಾರಣಕ್ಕೆ.

ತಪ್ಪು ಗಾತ್ರ ಬಂದರೂ ಯು-ಬೂಟ್ ಏಕೆ ಚೆನ್ನಾಗಿಯೇ ನಡೆಯುತ್ತದೆ ಎಂಬ ಅನುಮಾನ ನಿಮಗೆ ಬಂದಿರಬೇಕು. ಯು-ಬೂಟ್ ತನ್ನನ್ನು ತಾನೇ ರ‍್ಯಾಮ್‌ನ ತುದಿಗೆ ಸಾಗಿಸಿಕೊಳ್ಳುತ್ತದೆ. 512 ಎಂಬಿಯ ತುದಿ ಎಂದು ಅದು ನಂಬಿದ ಜಾಗ ನಿಜದಲ್ಲಿ 256 ಎಂಬಿಯ ತುದಿ. ಅಲ್ಲಿ ಬೇರೇನೂ ಇಲ್ಲ, ಕೋಡ್ ಸರಿಯಾಗಿ ಓಡುತ್ತದೆ. ಲಿನಕ್ಸ್ ಬಂದು ಎರಡೂ ಅರ್ಧಗಳನ್ನು ತುಂಬತೊಡಗಿದಾಗಲೇ ಒಂದು ಪುಟದ ಮೇಲೆ ಇನ್ನೊಂದು ಪುಟ ಬೀಳುತ್ತದೆ. ಸೀರಿಯಲ್ ಕನ್ಸೋಲ್‌ನಲ್ಲಿ ‘ಡಿರ‍್ಯಾಮ್’ ಸಾಲು ಬಂದಿತು, ಪ್ರಾಂಪ್ಟ್ ಬಂದಿತು ಎಂದ ಮಾತ್ರಕ್ಕೆ ಗಾತ್ರ ಸರಿ ಎಂದಾಗುವುದಿಲ್ಲ.

ಎರಡನೆಯ ಷರತ್ತು ಇದಕ್ಕಿಂತ ಆಳವಾದದ್ದು. ಡಿರ‍್ಯಾಮ್ ಕಂಟ್ರೋಲರ್‌ಗೆ (ಪ್ರೊಸೆಸರ್ ಪರವಾಗಿ ಮೆಮೊರಿ ಚಿಪ್ ನಡೆಸುವ ಭಾಗ) ಚಿಪ್‌ನಲ್ಲಿ ಸಾಲು, ಕಾಲಂ, ಬ್ಯಾಂಕ್ (ಸಾಲು-ಕಾಲಂಗಳ ಗುಂಪು) ಎಷ್ಟೆಂದು ಮೊದಲೇ ಹೇಳದಿದ್ದರೆ ಒಂದು ಪದವನ್ನೂ ಓದಲಾಗದು. ಗಾತ್ರ ಗೊತ್ತಿಲ್ಲದೆ ಕಂಟ್ರೋಲರನ್ನು ಸಿದ್ಧಪಡಿಸುವುದು ಹೇಗೆ? ಗರಿಷ್ಠಕ್ಕೆ ಸಿದ್ಧಪಡಿಸಿ, ಅಳೆದು, ಆಮೇಲೆ ಇಳಿಸುವುದೇ ದಾರಿ. ಕಂಟ್ರೋಲರ್‌ಗೆ 256 ಎಂಬಿ ಎಂದು ಹೇಳಿಟ್ಟರೆ 512 ಎಂಬಿ ಚಿಪ್ ಇದ್ದರೂ ವಿಳಾಸ ಕಂಟ್ರೋಲರ್‌ನಲ್ಲೇ ಸುತ್ತುತ್ತದೆ, ಪರೀಕ್ಷೆ 256 ಎಂದೇ ಹೇಳುತ್ತದೆ.

ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. 16 ಬಿಟ್ ಅಗಲದ ಡಿಡಿಆರ್3 ಚಿಪ್‌ಗಳಲ್ಲಿ 1 ಗಿಗಾಬಿಟ್‌ಗೆ 13 ಸಾಲು ಬಿಟ್, 2ಕ್ಕೆ 14, 4ಕ್ಕೆ 15, 8ಕ್ಕೆ 16. ಎಲ್ಲದರಲ್ಲೂ ಕಾಲಂ ಬಿಟ್ 10, ಬ್ಯಾಂಕ್ 8. ನಿಮ್ಮ ಎರಡೂ ಬೋರ್ಡ್‌ಗಳಲ್ಲಿ ಇಂಥ ಒಂದೊಂದೇ ಚಿಪ್ ಇದ್ದರೆ ವ್ಯತ್ಯಾಸ ಒಂದು ಸಾಲು ಬಿಟ್ ಮಾತ್ರ. 15 ಸಾಲು ಬಿಟ್‌ಗೆ ಸಿದ್ಧಪಡಿಸಿ ಅಳೆಯಿರಿ. ಸಮಯದ ಲೆಕ್ಕದಲ್ಲೂ ದೊಡ್ಡದನ್ನೇ ಹಿಡಿಯಿರಿ: ಒಂದು ರಿಫ್ರೆಶ್‌ಗೆ (ಮಾಸಿಹೋಗದಂತೆ ದತ್ತಾಂಶವನ್ನು ಮತ್ತೆ ತುಂಬುವ ಕೆಲಸ) 2 ಗಿಗಾಬಿಟ್ ಚಿಪ್ 160 ನ್ಯಾನೋಸೆಕೆಂಡ್ ಕೇಳಿದರೆ 4 ಗಿಗಾಬಿಟ್ ಚಿಪ್ 260 ಕೇಳುತ್ತದೆ. ಚಿಕ್ಕ ಚಿಪ್‌ಗೆ ಹೆಚ್ಚು ಸಮಯ ಕೊಟ್ಟರೆ ವೇಗ ಸ್ವಲ್ಪ ತಗ್ಗುತ್ತದೆ ಅಷ್ಟೆ. ದೊಡ್ಡ ಚಿಪ್‌ಗೆ ಕಡಿಮೆ ಕೊಟ್ಟರೆ ದತ್ತಾಂಶ ಕೆಡುತ್ತದೆ.

ಕಾಲಂ ಬಿಟ್‌ಗಳನ್ನು ತಪ್ಪಾಗಿ ಕೊಟ್ಟರೆ ಲಕ್ಷಣವೇ ಬೇರೆ. ಕಾಲಂ ಬಿಟ್‌ಗಳು ವಿಳಾಸದ ಕೆಳಭಾಗದಲ್ಲಿರುವ ಸಾಮಾನ್ಯ ಜೋಡಣೆಯಲ್ಲಿ, 32 ಬಿಟ್ ಬಸ್‌ನ 10 ಕಾಲಂ ಬಿಟ್ ಚಿಪ್‌ಗೆ 11 ಎಂದು ಹೇಳಿದರೆ ಸುತ್ತುವಿಕೆ 4 ಕೆಬಿಯಲ್ಲೇ ಕಾಣಿಸುತ್ತದೆ. ಅಳತೆ ಹೀಗೆ ಹಾಸ್ಯಾಸ್ಪದವಾಗಿ ಚಿಕ್ಕದಾಗಿ ಬಂದಾಗ ಬೆಸುಗೆಯನ್ನು ದೂರುವ ಮೊದಲು ಕಾಲಂ ಸಂಖ್ಯೆಯನ್ನು ನೋಡಿ. ಆಲ್‌ವಿನ್ನರ್ ಪ್ರೊಸೆಸರ್‌ಗಳಿಗಾಗಿ ಯು-ಬೂಟ್‌ನಲ್ಲಿರುವ ಕೋಡ್ ಈ ಗುಣವನ್ನು ಬುದ್ಧಿವಂತಿಕೆಯಿಂದ ಬಳಸುತ್ತದೆ: ಆರಂಭದಲ್ಲಿ ಸೊನ್ನೆ, ಇಂತಿಷ್ಟು ದೂರದಲ್ಲಿ ಬೇರೊಂದು ಗುರುತು ಬರೆದು, ಎರಡೂ ಕಡೆ ಒಂದೇ ಮೌಲ್ಯ ಕಂಡರೆ ಸುತ್ತಿತು ಎಂದು ತಿಳಿದು, ಸಾಲು ಮತ್ತು ಕಾಲಂಗಳನ್ನು ಪ್ರತ್ಯೇಕವಾಗಿ ಕಂಡುಕೊಳ್ಳುತ್ತದೆ.

ಅಳೆದು ತಿಳಿಯಲಾಗದ ಸಂಗತಿಗಳೂ ಇವೆ. ಬೀಗಲ್‌ಬೋನ್ ಎಂಬ ಬೋರ್ಡ್‌ನ ಮೊದಲ ಆವೃತ್ತಿಯಲ್ಲಿ 256 ಎಂಬಿ ಡಿಡಿಆರ್2 ಇತ್ತು, ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ 512 ಎಂಬಿ ಡಿಡಿಆರ್3. ಮೆಮೊರಿಯ ಜಾತಿಯೇ ಬೇರೆಯಾದಾಗ ಕಂಟ್ರೋಲರ್ ಎಚ್ಚರಗೊಳ್ಳುವ ಮೊದಲೇ ಉತ್ತರ ಗೊತ್ತಿರಬೇಕು. ಅದಕ್ಕಾಗಿ ಬೋರ್ಡ್ ಮೇಲೆ ಒಂದು ಸಣ್ಣ ಇಇಪ್ರಾಮ್ (ವಿದ್ಯುತ್ ಹೋದರೂ ಅಳಿಯದ ಮೆಮೊರಿ) ಇದೆ. ಮೊದಲ ಹಂತದ ಲೋಡರ್ ಅದರಿಂದ ಬೋರ್ಡ್‌ನ ಹೆಸರನ್ನು ಓದಿ ತಕ್ಕ ಸಮಯಪಟ್ಟಿಯನ್ನು ಆರಿಸುತ್ತದೆ, ಗಾತ್ರದ ಪರೀಕ್ಷೆ ಆಮೇಲೆ. ರಾಸ್ಪ್‌ಬೆರಿ ಪೈ ಬೋರ್ಡ್‌ಗಳ ಹೊಸ ಬಗೆಯ ರಿವಿಷನ್ ಸಂಕೇತದಲ್ಲಿ 20ರಿಂದ 22ನೇ ಬಿಟ್‌ಗಳು ಮೆಮೊರಿ ಗಾತ್ರವನ್ನೇ ಹೇಳುತ್ತವೆ. ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್2 ಮತ್ತು ಅದರ ನಂತರದ ಚಿಪ್‌ಗಳಲ್ಲಿ 8ನೇ ಮೋಡ್ ರಿಜಿಸ್ಟರ್ ಓದಿದರೆ ಸಾಂದ್ರತೆ ಸಿಗುತ್ತದೆ. ಸಾಕೆಟ್‌ಗೆ ಸಿಕ್ಕಿಸುವ ಡಿಮ್ ಮಾಡ್ಯೂಲ್‌ಗಳಲ್ಲಿ ಗಾತ್ರ, ಸಮಯಗಳನ್ನು ಹೇಳುವ ಎಸ್‌ಪಿಡಿ ದಾಖಲೆ ಇರುತ್ತದೆ. ಬೋರ್ಡ್‌ಗೆ ಬೆಸೆದ ಸಾದಾ ಡಿಡಿಆರ್3 ಚಿಪ್‌ನಲ್ಲಿ ಮಾತ್ರ ತನ್ನ ಗಾತ್ರ ಹೇಳುವ ಯಾವ ರಿಜಿಸ್ಟರೂ ಇಲ್ಲ. ಆದ್ದರಿಂದ ಮುಂದಿನ ವಿನ್ಯಾಸದಲ್ಲಿ ಪ್ರೊಸೆಸರ್‌ನ ಎರಡು ಜಿಪಿಐಒ (ಸಾಮಾನ್ಯ ಬಳಕೆಯ) ಪಿನ್‌ಗಳಿಗೆ ಗುರುತಿನ ರೆಸಿಸ್ಟರ್ ಹಾಕಿಸಿ ಎಂದು ಒತ್ತಾಯದಿಂದ ಹೇಳುತ್ತೇನೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ತಲೆನೋವು ತಪ್ಪಿಸುವ ಭಾಗ ಬೋರ್ಡ್ ಮೇಲೆ ಬೇರೊಂದಿಲ್ಲ.

ಗುರುತು ಒಂದು ಹೇಳಿ ಅಳತೆ ಇನ್ನೊಂದು ಹೇಳಿದರೆ ಚಿಕ್ಕ ಸಂಖ್ಯೆಯನ್ನು ಹಿಡಿಯಿರಿ, ವ್ಯತ್ಯಾಸವನ್ನು ಸೀರಿಯಲ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ಕಡಿಮೆ ಮೆಮೊರಿ ತೋರಿಸಿದರೆ ಉಪಕರಣ ನಿಧಾನವಾಗಬಹುದು. ಹೆಚ್ಚು ತೋರಿಸಿದರೆ ಬಳಕೆದಾರರ ಫೈಲುಗಳು ಸದ್ದಿಲ್ಲದೆ ಹಾಳಾಗುತ್ತವೆ. ಎರಡರ ಘಾತವಲ್ಲದ ಗಾತ್ರಗಳಲ್ಲಂತೂ ಅಳತೆಯನ್ನು ನಂಬಲೇಬೇಡಿ: 3 ಜಿಬಿ ಬೋರ್ಡ್‌ನಲ್ಲಿ 4 ಜಿಬಿ ಮಿತಿ ಕೊಟ್ಟರೆ 2 ಜಿಬಿಯ ಗುರುತು ಸರಿಯಾಗಿಯೇ ಸಿಗುತ್ತದೆ, ಅದಕ್ಕಿಂತ ಮೇಲೆ ಪರೀಕ್ಷಿಸುವ ಸ್ಥಾನವೇ ಇಲ್ಲದ್ದರಿಂದ ಉತ್ತರ 4 ಜಿಬಿ ಎಂದು ಬರುತ್ತದೆ.

ಸದ್ಯ ಕೈಯಲ್ಲಿರುವ ಬೋರ್ಡನ್ನು ಹೀಗೆ ಪರೀಕ್ಷಿಸಿ. ಯು-ಬೂಟ್ ಪ್ರಾಂಪ್ಟ್‌ನಲ್ಲಿ ಮೊದಲು ಡೇಟಾ ಕ್ಯಾಶ್ ಆಫ್ ಮಾಡಿ. ಇದನ್ನು ಮರೆತರೆ ಮುಂದಿನದ್ದಕ್ಕೆ ಅರ್ಥವಿಲ್ಲ. ನಿಮ್ಮ ರ‍್ಯಾಮ್ ಹೆಕ್ಸ್ 80000000ದಿಂದ ಶುರುವಾಗುವುದಾದರೆ ‘ಎಂಡಬ್ಲ್ಯೂ’ ಆಜ್ಞೆಯಿಂದ ಅಲ್ಲಿ ಯಾವುದಾದರೂ ಒಂದು ಮೌಲ್ಯ ಬರೆದು, 256 ಎಂಬಿ ಆಚೆಗಿನ ಹೆಕ್ಸ್ 90000000ವನ್ನು ‘ಎಂಡಿ’ ಆಜ್ಞೆಯಿಂದ ಓದಿ. ಬರೆದ ಮೌಲ್ಯವೇ ಅಲ್ಲಿಯೂ ಕಂಡರೆ, ಮೌಲ್ಯ ಬದಲಿಸಿ ಇನ್ನೊಮ್ಮೆ ನೋಡಿ. ಎರಡನೆಯ ಸಲವೂ ಅದು ಹಿಂಬಾಲಿಸಿ ಬಂದರೆ ಆ ಬೋರ್ಡ್‌ನಲ್ಲಿ 512 ಎಂಬಿ ಇಲ್ಲ. ಆಮೇಲೆ ಕರ್ನಲ್‌ಗೆ ಕೊಡುವ ಬೂಟ್ ಆರ್ಗ್ಯುಮೆಂಟ್‌ನಲ್ಲಿ ಮೆಮೊರಿಯ ಮಿತಿಯನ್ನು 256 ಎಂಬಿಗೆ ಇಳಿಸಿ, ಭಾರ ಹಾಕಿ ಒಂದು ರಾತ್ರಿ ಓಡಲು ಬಿಡಿ. ಕುಸಿತ ನಿಂತರೆ ಸರಿಪಡಿಸಬೇಕಾದ ಜಾಗ ಬೂಟ್‌ಲೋಡರ್ ಒಂದೇ, ಲಿನಕ್ಸ್ ಡ್ರೈವರ್‌ಗಳನ್ನು ಕೆದಕುವ ಅಗತ್ಯವಿಲ್ಲ.