ಗ್ರೌಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ

ನೆಲದ ಟೈಲ್‌ಗಳ ಸಂದಿಗೆ ತುಂಬುವ ಸಿಮೆಂಟಿನ ಮಿಶ್ರಣವಾದ ಗ್ರೌಟ್ ಬಿರುಕು ಬಿಟ್ಟಾಗ ಅದನ್ನು ಮನೆಯಲ್ಲೇ ಸರಿಪಡಿಸಲು ಹೊರಟವರಲ್ಲಿ ಅನೇಕರು ಹೊಸ ಗ್ರೌಟ್ ತುಂಬಿದ ಕೂಡಲೇ, ಬೇಗ ಒಣಗಲೆಂದು ಫ್ಯಾನ್ ಹಾಕಿ ಕಿಟಕಿಗಳನ್ನೆಲ್ಲ ತೆರೆದಿಡುತ್ತಾರೆ. ಒಣಗಿದರೆ ಸಿಮೆಂಟ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಅಷ್ಟು ಆಳವಾಗಿ ಬೇರೂರಿದೆ. ಈ ನಂಬಿಕೆ ತಪ್ಪು; ರಿಪೇರಿ ಮಾಡಿದ ಸಂದು ಕೆಲವೇ ತಿಂಗಳಲ್ಲಿ ಮತ್ತೆ ಬಿರಿಯುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಕೆಸರು ಒಣಗಿ ಗಟ್ಟಿಯಾಗುತ್ತದೆ, ಆದ್ದರಿಂದಲೇ ನೀರು ಬಿದ್ದರೆ ಮತ್ತೆ ಕೆಸರಾಗುತ್ತದೆ. ಸಿಮೆಂಟ್ ಹಾಗಲ್ಲ. ಅದು ಗಟ್ಟಿಯಾಗುವುದು ನೀರನ್ನು ಬಿಟ್ಟುಕೊಟ್ಟಲ್ಲ, ನೀರನ್ನು ತನ್ನೊಳಗೆ ಸೇರಿಸಿಕೊಂಡು.

ಈ ವಿಷಯ ಹೊಸದೇನೂ ಅಲ್ಲ. ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1756ರಲ್ಲಿ ಸಮುದ್ರದ ನಡುವಣ ಎಡ್ಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟುವ ಕೆಲಸ ಕೈಗೆತ್ತಿಕೊಂಡಾಗ, ಅಲೆಗಳು ಬಡಿಯುವ ಜಾಗದಲ್ಲೂ ಗಟ್ಟಿಯಾಗುವ ಗಾರೆ ಅವನಿಗೆ ಬೇಕಾಗಿತ್ತು. ಬೇರೆ ಬೇರೆ ಸುಣ್ಣಕಲ್ಲುಗಳನ್ನು ಪರೀಕ್ಷಿಸಿದ ಅವನು, ಜೇಡಿಯ ಅಂಶ ಬೆರೆತ ಸುಣ್ಣಕಲ್ಲನ್ನು ಸುಟ್ಟಾಗ ಬರುವ ಸುಣ್ಣ ನೀರಿನಡಿಯಲ್ಲೂ ಗಟ್ಟಿಯಾಗುತ್ತದೆ ಎಂಬುದನ್ನು ಕಂಡುಕೊಂಡ. ಸ್ತಂಭ 1759ರಲ್ಲಿ ಪೂರ್ಣಗೊಂಡಿತು. ಸುಣ್ಣಕಲ್ಲು ಮತ್ತು ಜೇಡಿಯನ್ನು ಒಟ್ಟಿಗೆ ಸುಡುವ ಇದೇ ದಾರಿಯಲ್ಲಿ ಮುಂದುವರಿದು ಜೋಸೆಫ್ ಆಸ್ಪ್ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಇಂದು ಸಂದಿಗೆ ತುಂಬುವ ಸಾಮಾನ್ಯ ಗ್ರೌಟಿನಲ್ಲಿ ಅಂಟಿನ ಕೆಲಸ ಮಾಡುವುದು ಆ ವಂಶದ ಸಿಮೆಂಟೇ.

ಸಿಮೆಂಟಿನ ಒಂದು ಕಣದೊಳಗೆ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಸಿಲಿಕೇಟ್. ನೀರು ತಾಗಿದಾಗ ಕಣದ ಹೊರಮೈ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಕರಗಿದ್ದು ನೀರಿನಲ್ಲಿ ಹಿಡಿಸಲಾರದಷ್ಟಾದಾಗ, ನೀರನ್ನೂ ಒಳಗೊಂಡ ಹೊಸ ಘನವಸ್ತುವಾಗಿ ಹೊರಬೀಳುತ್ತದೆ. ಬರಿಗಣ್ಣಿಗೆ ಎಂದಿಗೂ ಕಾಣದ ಈ ನವಿರು ಜೆಲ್ ಕಣದ ಸುತ್ತ ಬೆಳೆಯುತ್ತ ಪಕ್ಕದ ಕಣದ ಜೆಲ್‌ನೊಂದಿಗೆ ಹೆಣೆದುಕೊಳ್ಳುತ್ತದೆ, ಮರಳಿನ ಕಣಗಳನ್ನೂ ಟೈಲ್‌ನ ಅಂಚನ್ನೂ ಹಿಡಿದುಕೊಳ್ಳುತ್ತದೆ. ಗಟ್ಟಿತನ ಎಂದು ನಾವು ಕರೆಯುವುದು ಈ ಹೆಣಿಗೆಯನ್ನೇ. ಜೆಲ್‌ನ ಪದರ ದಪ್ಪವಾದಂತೆ ಒಳಗಿನ ಕಣವನ್ನು ಮುಟ್ಟಲು ನೀರು ಅದರ ಮೂಲಕವೇ ಜಿನುಗಿ ಹೋಗಬೇಕಾಗುವುದರಿಂದ ಕ್ರಿಯೆ ನಿಧಾನವಾಗುತ್ತದೆ, ವಾರಗಟ್ಟಲೆ ನಡೆಯುತ್ತದೆ. ಅಷ್ಟರೊಳಗೆ ನೀರು ಆವಿಯಾಗಿ ಹೋದರೆ ಹೆಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುವ ಗ್ರೌಟ್ ಎಷ್ಟೋ ಸಲ ಹೀಗೆ ಬಾಯಾರಿ ನಿಂತುಹೋದದ್ದು.

ಹಾಗೆಂದು ಕಲಸುವಾಗ ಹೆಚ್ಚು ನೀರು ಹಾಕಿದರೆ ಒಳ್ಳೆಯದೇ? ಇಲ್ಲ. 100 ಗ್ರಾಂ ಸಿಮೆಂಟ್ ರಾಸಾಯನಿಕವಾಗಿ ಕಟ್ಟಿಹಾಕಿಕೊಳ್ಳುವುದು ಸುಮಾರು 23 ಗ್ರಾಂ ನೀರನ್ನು. ಜೆಲ್‌ನ ಅತಿಸೂಕ್ಷ್ಮ ರಂಧ್ರಗಳಲ್ಲಿ ನಿಲ್ಲುವುದನ್ನೂ ಸೇರಿಸಿದರೆ 40 ಗ್ರಾಂ ಆಸುಪಾಸು. ಅದಕ್ಕಿಂತ ಹೆಚ್ಚಿನ ನೀರು ಕಣಗಳ ನಡುವೆ ಬರಿದೇ ಜಾಗ ಹಿಡಿದು, ಮುಂದೆ ಆವಿಯಾಗುವಾಗ ಸೂಕ್ಷ್ಮ ನಾಳಗಳನ್ನು ಬಿಟ್ಟುಹೋಗುತ್ತದೆ. ಹೋಗುವಾಗ ಸುಮ್ಮನೆಯೂ ಹೋಗುವುದಿಲ್ಲ: ನಾಳದಲ್ಲಿ ಉಳಿದ ನೀರಿನ ಮೇಲ್ಮೈ ಎಳೆತ ಎರಡು ಬದಿಯ ಗೋಡೆಗಳನ್ನು ಒಳಕ್ಕೆ ಎಳೆಯುವುದರಿಂದ ಇಡೀ ಗ್ರೌಟ್ ಕುಗ್ಗುತ್ತದೆ. ಟೈಲ್‌ಗಳು ಅದನ್ನು ಎರಡೂ ಕಡೆಯಿಂದ ಹಿಡಿದಿರುವುದರಿಂದ, ಒತ್ತಡವನ್ನು ಚೆನ್ನಾಗಿ ತಾಳಬಲ್ಲ ಆದರೆ ಎಳೆತವನ್ನು ತಾಳಲಾರದ ಸಿಮೆಂಟ್, ಟೈಲ್‌ನ ಅಂಚಿನಗುಂಟ ಕೂದಲೆಳೆಯಂತೆ ಬಿರಿಯುತ್ತದೆ. 3 ಮಿಲಿಮೀಟರಿಗಿಂತ ಅಗಲದ ಸಂದಿಗೆ ಮರಳು ಬೆರೆಸಿದ ಗ್ರೌಟನ್ನು ಬಳಸುವುದೂ ಈ ಕುಗ್ಗುವಿಕೆಯನ್ನು ತಡೆಯಲಿಕ್ಕೇ, ಏಕೆಂದರೆ ಮರಳು ಕುಗ್ಗುವುದಿಲ್ಲ.

ಇಷ್ಟು ತಿಳಿದ ಮೇಲೆ ರಿಪೇರಿಯ ಕ್ರಮ ತಾನಾಗಿಯೇ ಹೊಳೆಯುತ್ತದೆ. ಬಿರುಕಿನ ಮೇಲೆ ತೆಳುವಾಗಿ ಹೊಸ ಗ್ರೌಟ್ ಸವರುವುದು ವ್ಯರ್ಥ. ಅಷ್ಟು ತೆಳುವಾದ ಪದರದ ನೀರನ್ನು ಕೆಳಗಿನ ಹಳೆಯ ಗ್ರೌಟ್ ಮತ್ತು ಮೇಲಿನ ಗಾಳಿ ಸೇರಿ ಕ್ಷಣಗಳಲ್ಲಿ ಕುಡಿದುಬಿಡುತ್ತವೆ. ಮೊದಲು ಟೈಲ್‌ಗಳನ್ನು ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಅಥವಾ ತುಳಿದಾಗ ಟೈಲ್ ಅಲುಗಿದರೆ ದೋಷ ಗ್ರೌಟಿನದಲ್ಲ, ಟೈಲನ್ನೇ ಎಬ್ಬಿಸಿ ಮತ್ತೆ ಕೂರಿಸಬೇಕು. ಟೈಲ್ ಭದ್ರವಾಗಿದ್ದರೆ ಹಳೆಯ ಗ್ರೌಟನ್ನು ಟೈಲ್‌ನ ದಪ್ಪದ ಮೂರರಲ್ಲಿ ಎರಡು ಭಾಗದಷ್ಟು ಆಳಕ್ಕೆ, ಅಂಚು ಸಿಡಿಯದಂತೆ ಕೆರೆದು ತೆಗೆಯಬೇಕು. ಆ ದೂಳಿನಲ್ಲಿ ಸಿಲಿಕಾ ಇರುತ್ತದೆ, ಆದ್ದರಿಂದ ಮಾಸ್ಕ್ ಬೇಕೇ ಬೇಕು. ಕಲಸಿದ ಸಿಮೆಂಟ್ ಚರ್ಮವನ್ನು ಸುಡುವಷ್ಟು ಕ್ಷಾರೀಯವಾದ್ದರಿಂದ ಕೈಗವಸೂ ಬೇಕು. ದೂಳನ್ನೆಲ್ಲ ತೆಗೆದ ಮೇಲೆ ಸಂದನ್ನು ಸ್ಪಂಜಿನಿಂದ ತೇವಗೊಳಿಸಿ, ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಗ್ರೌಟಿಗೆ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರನ್ನು ಅಳೆದು ಹಾಕಿ, ರಬ್ಬರ್ ಅಂಚಿನ ಕರಣೆಯಿಂದ ಓರೆಯಾಗಿ ಒತ್ತಿ ತಳದವರೆಗೂ ತುಂಬಬೇಕು. ಟೈಲ್ ಮೇಲಿನ ಕಲೆಯನ್ನು ಒರೆಸುವ ಸ್ಪಂಜನ್ನು ಚೆನ್ನಾಗಿ ಹಿಂಡಿರಬೇಕು. ನೀರು ತೊಟ್ಟಿಕ್ಕುವ ಸ್ಪಂಜು ಸಂದಿನ ಮೇಲ್ಪದರದ ಸಿಮೆಂಟನ್ನೇ ತೊಳೆದುಬಿಡುತ್ತದೆ. ಆಮೇಲೆ ಫ್ಯಾನ್ ಬೇಡ. ತಯಾರಕರು ಬೇಡವೆಂದು ಹೇಳಿರದಿದ್ದರೆ, ಮರುದಿನದಿಂದ ಎರಡು ಮೂರು ದಿನ ದಿನಕ್ಕೆರಡು ಬಾರಿ ಒದ್ದೆ ಬಟ್ಟೆಯಿಂದ ತೇವ ಕೊಡಬೇಕು.

ಗೋಡೆ ಮತ್ತು ನೆಲ ಸೇರುವ ಮೂಲೆಯ ಸಂದು ಮಾತ್ರ ಈ ಉಪಚಾರಕ್ಕೆ ಬಗ್ಗುವುದಿಲ್ಲ. ಸೆರಾಮಿಕ್ ಟೈಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ 10 ಲಕ್ಷದಲ್ಲಿ ಸುಮಾರು 6 ಭಾಗ ಹಿಗ್ಗುತ್ತದೆಂದು ಇಟ್ಟುಕೊಂಡರೆ, 5 ಮೀಟರ್ ಉದ್ದದ ನೆಲ 20 ಡಿಗ್ರಿ ವ್ಯತ್ಯಾಸಕ್ಕೆ 0.6 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. ಅಲ್ಪವೇ ಆದರೂ, ಬಾಗದ ಗ್ರೌಟಿಗೆ ಅದು ಬಹಳ. ಅಲ್ಲಿ ಗ್ರೌಟನ್ನು ಪೂರ್ತಿ ತೆಗೆದು, ರಬ್ಬರಿನಂತೆ ಬಾಗಬಲ್ಲ ಸಿಲಿಕೋನ್ ಸೀಲೆಂಟ್ ತುಂಬಬೇಕು. ಅದು ಅಂಟಿಕೊಳ್ಳಲು ಸಂದಿನ ಎರಡೂ ಬದಿ ಸಂಪೂರ್ಣ ಒಣಗಿರಬೇಕು. ಟ್ಯೂಬಿನಿಂದ ಹೊರಬಂದ ಸಿಲಿಕೋನ್ ಗಾಳಿಯ ತೇವದೊಡನೆ ವರ್ತಿಸಿ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲ್ಪದರ ಬೆರಳಿಗೆ ಅಂಟದಿದ್ದರೂ ಒಳಗಿನ್ನೂ ಹಸಿಯಾಗಿರುವುದರಿಂದ, ಕನಿಷ್ಠ ಒಂದು ದಿನ ಅಲ್ಲಿ ನೆಲ ತೊಳೆಯಬಾರದು.