ಹುಚ್ಚಿನಂತೆ ಕಂಡದ್ದು ರಿಸೆಪ್ಟರ್‌ನ ಕಾಯಿಲೆಯೇ?

ಪ್ರಶ್ನೆ: ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಎರಡೇ ವಾರಗಳಲ್ಲಿ ನಿದ್ದೆಗೆಟ್ಟು ಏನೇನೋ ಮಾತನಾಡತೊಡಗಿದಳು, ಆಮೇಲೆ ಫಿಟ್ಸ್ ಬಂತು. ವೈದ್ಯರು ‘ಎನ್‌ಎಂಡಿಎ ರಿಸೆಪ್ಟರ್ ಎನ್‌ಸೆಫಲೈಟಿಸ್’ ಎಂದರು. ಏನಿದು? ಗುಣವಾಗುತ್ತದೆಯೇ?

ಉತ್ತರ: ಎನ್‌ಸೆಫಲೈಟಿಸ್ ಎಂದರೆ ಮಿದುಳಿನ ಉರಿಯೂತ. ರಿಸೆಪ್ಟರ್ ಎಂದರೆ ರಾಸಾಯನಿಕ ಸಂದೇಶವನ್ನು ಹಿಡಿದುಕೊಳ್ಳುವ, ಕೋಶದ ಮೇಲಿನ ಪ್ರೋಟೀನು. ಹೆಚ್ಚಿನವರಲ್ಲಿ ಗುಣವಾಗುತ್ತದೆ. ಅದಕ್ಕೆ ಕಾರಣ ಈ ಕಾಯಿಲೆ ರಿಸೆಪ್ಟರ್‌ಗೆ ಏನು ಮಾಡುತ್ತದೆ ಎಂಬುದರಲ್ಲೇ ಇದೆ.

ಮಿದುಳಿನ ನರಕೋಶಗಳು ಒಂದನ್ನೊಂದು ಉದ್ರೇಕಿಸಲು ಬಹುಪಾಲು ಬಳಸುವ ರಾಸಾಯನಿಕ ಗ್ಲುಟಮೇಟ್. ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳಲ್ಲಿ ಎನ್‌ಎಂಡಿಎ ಒಂದು. ನಾಲ್ಕು ಉಪಘಟಕಗಳು ಕೂಡಿ ನಡುವೆ ರಂಧ್ರವಿರುವ ಪ್ರೋಟೀನು ಅದು. ಸಾಮಾನ್ಯವಾಗಿ ಎರಡು ಗ್ಲು-ಎನ್1, ಎರಡು ಗ್ಲು-ಎನ್2. ಗ್ಲುಟಮೇಟ್ ಅಂಟಿಕೊಳ್ಳುವುದು ಎನ್2ಗೆ. ಎನ್1ಗೆ ಗ್ಲೈಸೀನ್ ಅಥವಾ ಡಿ-ಸೆರೀನ್ ಎಂಬ ಅಮೈನೋ ಆಮ್ಲ ಬೇಕು. ಎನ್1, ಎನ್2 ಎರಡಕ್ಕೂ ಬೇಕಾದದ್ದು ಒದಗಿದರೂ ರಂಧ್ರದಲ್ಲಿ ಮೆಗ್ನೀಸಿಯಂ ಅಡ್ಡ ಕೂತಿರುತ್ತದೆ. ನರಕೋಶ ಅದೇ ಹೊತ್ತಿಗೆ ಉದ್ರೇಕಗೊಂಡಿದ್ದರೆ ಮಾತ್ರ ಅದು ಸರಿದು, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕಲಿಕೆ, ನೆನಪು ಬಲಗೊಳ್ಳುವುದು ಹೀಗೆ.

ಎನ್2ರಲ್ಲಿ ಎ, ಬಿ, ಸಿ, ಡಿ ಎಂಬ ಬಗೆಗಳಿವೆ. ಹಸುಗೂಸಿನ ಮಿದುಳಿನಲ್ಲಿ ಬಿ ಹೆಚ್ಚು. ಬೆಳೆಯುತ್ತಾ ಎ ಹೆಚ್ಚುತ್ತದೆ. ಎ ತಯಾರಿಸುವ ಜೀನ್ ಕೆಟ್ಟರೆ ಮೂರ್ಛೆರೋಗದ ಜೊತೆಗೆ ಮಾತಿನ ತೊಂದರೆ ಬರಬಹುದು. ಬಿ ಜೀನ್ ಕೆಟ್ಟರೆ ಬೌದ್ಧಿಕ ಬೆಳವಣಿಗೆ ಕುಂಠಿತವಾಗಬಹುದು. ಇವು ಹುಟ್ಟಿನಿಂದಲೇ ಬರುವ ದೋಷಗಳು.

ನೀವು ಕೇಳಿದ ಕಾಯಿಲೆ ಹಾಗಲ್ಲ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಎನ್1ರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಎಲ್ಲ ಎನ್‌ಎಂಡಿಎ ರಿಸೆಪ್ಟರ್‌ಗಳಲ್ಲೂ ಎನ್1 ಇರುವುದರಿಂದ ನಡತೆ, ನೆನಪು, ಮಾತು, ಕೊನೆಗೆ ಉಸಿರಾಟದವರೆಗೂ ಏರುಪೇರಾಗುತ್ತದೆ. ಪ್ರತಿಕಾಯಗಳು ರಿಸೆಪ್ಟರ್‌ಗಳನ್ನು ಜೋಡಿಜೋಡಿಯಾಗಿ ಹಿಡಿದು ಕೋಶದ ಮೇಲ್ಮೈಯಿಂದ ಒಳಗೆ ಸೆಳೆದುಬಿಡುತ್ತವೆ. ಆದರೆ ನರಕೋಶ ಸಾಮಾನ್ಯವಾಗಿ ಸಾಯುವುದಿಲ್ಲ. ಪ್ರತಿಕಾಯ ಇಳಿದರೆ ರಿಸೆಪ್ಟರ್‌ಗಳು ಮತ್ತೆ ಮೇಲ್ಮೈಗೆ ಬರುತ್ತವೆ. ಈ ಕಾಯಿಲೆಯಲ್ಲಿ ನನಗೆ ಅತ್ಯಂತ ಭರವಸೆ ಕೊಡುವ ಸಂಗತಿ ಇದು.

2007ರಲ್ಲಿ ನರರೋಗ ತಜ್ಞ ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು 12 ಮಹಿಳೆಯರಲ್ಲಿ ಇದನ್ನು ವಿವರಿಸಿದರು. 11 ಮಂದಿಯ ಅಂಡಾಶಯದಲ್ಲಿ ಟೆರಟೋಮಾ ಎಂಬ, ಹಲವು ಬಗೆಯ ಅಂಗಾಂಶಗಳಿರುವ ಗೆಡ್ಡೆಯಿತ್ತು. ಅಂಥ ಗೆಡ್ಡೆಯಲ್ಲಿ ನರ ಅಂಗಾಂಶವೂ ಇರಬಹುದಾದ್ದರಿಂದ ದೇಹ ಮೊದಲು ಅದರ ವಿರುದ್ಧ ಸಿಡಿದೇಳುತ್ತದೆ. ಗೆಡ್ಡೆಯೇ ಇಲ್ಲದ ರೋಗಿಗಳೂ ಬಹಳ. ಮಕ್ಕಳಿಗೂ ಗಂಡಸರಿಗೂ ಬರುತ್ತದೆ. ಹರ್ಪಿಸ್ ವೈರಸ್‌ನ ಮಿದುಳು ಸೋಂಕಿನ ನಂತರವೂ ಬರುವುದುಂಟು.

ಜ್ವರ, ತಲೆನೋವಿನ ಬೆನ್ನಿಗೇ ಚಿತ್ತಭ್ರಮೆ, ತುಟಿ ನಾಲಿಗೆಗಳ ನಿಲ್ಲದ ಚಲನೆ, ಮರಗಟ್ಟಿದಂತೆ ಕೂತುಬಿಡುವುದು, ಫಿಟ್ಸ್: ಇವು ಕಂಡರೆ ಗಾಳಿ ಸೋಕಿತೆಂದು ಮಂತ್ರವಾದಿಯ ಬಳಿ ಓಡಬೇಡಿ. ನರರೋಗ ತಜ್ಞರಿಗೆ ತೋರಿಸಿ. ಎಂಆರ್‌ಐ ಸರಿಯಾಗಿದ್ದರೂ ಕಾಯಿಲೆ ಇರಬಹುದು. ಬೆನ್ನಿನಿಂದ ತೆಗೆದ ದ್ರವದಲ್ಲಿ ಪ್ರತಿಕಾಯ ಹುಡುಕುವುದು ರಕ್ತಪರೀಕ್ಷೆಗಿಂತ ನಂಬಿಕಸ್ತ.

ಚಿಕಿತ್ಸೆಯೆಂದರೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಸಾಲದಿದ್ದರೆ ರಕ್ಷಣಾ ವ್ಯವಸ್ಥೆಯ ಕೆಲವು ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಔಷಧ, ಗೆಡ್ಡೆಯಿದ್ದರೆ ಶಸ್ತ್ರಚಿಕಿತ್ಸೆ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ, ಎರಡು ವರ್ಷ ಗಮನಿಸಲಾದವರ ಪೈಕಿ 81% ಜನ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರಿಗೆ ಫಲ ಹೆಚ್ಚು. ಆದರೂ ಮರೆವು, ಏಕಾಗ್ರತೆಯ ಕೊರತೆ ತಿಂಗಳುಗಟ್ಟಲೆ ಉಳಿಯಬಹುದು, ಹಾಗಾಗಿ ಪರೀಕ್ಷೆಗೆ ಕೂರಲು ಅವಸರಪಡಿಸಬೇಡಿ. ಕೆಲವರಲ್ಲಿ ಕಾಯಿಲೆ ಮರುಕಳಿಸುವುದರಿಂದ ತಪಾಸಣೆಯನ್ನು ನಿಲ್ಲಿಸಬೇಡಿ.