ಸಂಜೆ ಹೂವಿನ ಎಣ್ಣೆ: ತರ್ಕ ಚೆಂದ, ಪುರಾವೆ ಕಮ್ಮಿ

ಮುಟ್ಟಿಗೆ ಇನ್ನೊಂದು ವಾರ ಇರುವಾಗಲೇ ಕೆಲವರಿಗೆ ಸ್ತನಗಳಲ್ಲಿ ನೋವು, ಹೊಟ್ಟೆ ಉಬ್ಬರ, ಸುಮ್ಸುಮ್ನೆ ಸಿಟ್ಟು. ಇದಕ್ಕೆಂದು ಮೆಡಿಕಲ್ ಶಾಪಿನಲ್ಲಿ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್ ಸಿಗುತ್ತದೆ. ಉತ್ತರ ಅಮೆರಿಕ ಮೂಲದ, ಸಂಜೆ ಅರಳುವ ಹಳದಿ ಹೂವಿನ ಬೀಜದ ಎಣ್ಣೆ ಅದು. ಇದರ ಹಿಂದಿನ ತರ್ಕ ಎಷ್ಟು ಸೊಗಸಾಗಿದೆ ಅಂದರೆ, ನಂಬದೆ ಇರೋದೇ ಕಷ್ಟ.

ನಾವು ಒಗ್ಗರಣೆಗೆ ಹಾಕುವ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಬೇಕಾದಷ್ಟಿದೆ. ದೇಹ ಅದನ್ನು ಗಾಮಾ ಲಿನೋಲೆನಿಕ್ ಆಮ್ಲವಾಗಿ ಬದಲಿಸುತ್ತದೆ. ಇದನ್ನು ಜಿಎಲ್ಎ ಅನ್ನೋಣ. ಮುಂದೆ ಅದರಿಂದ ಪ್ರೊಸ್ಟಾಗ್ಲಾಂಡಿನ್ ಇ1 ಎಂಬ, ದೇಹದೊಳಗೆ ಸಂದೇಶ ಒಯ್ಯುವ ರಾಸಾಯನಿಕ ತಯಾರಾಗುತ್ತದೆ. ಆದರೆ ಮೊದಲ ಹೆಜ್ಜೆಗೆ ಬೇಕಾದ ಡೆಲ್ಟಾ-6 ಡಿಸ್ಯಾಚುರೇಸ್ ಎಂಬ ಕಿಣ್ವದ ಕೆಲಸ ಬಹಳ ನಿಧಾನ. ಹೆದ್ದಾರಿಯ ಟೋಲ್‌ನಲ್ಲಿ ಒಂದೇ ಕೌಂಟರ್ ತೆರೆದಿದ್ದರೆ ಹೇಗೋ ಹಾಗೆ. ಹಿಂದಿನಿಂದ ಎಷ್ಟೇ ಗಾಡಿ ಬಂದರೂ ದಾಟುವುದು ಒಂದೊಂದೇ. ಪ್ರಿಮ್‌ರೋಸ್ ಎಣ್ಣೆಯಲ್ಲಿ ಶೇ 8ರಿಂದ 10ರಷ್ಟು ಜಿಎಲ್ಎ ಸಿದ್ಧವಾಗಿಯೇ ಇರುತ್ತದೆ, ಅಂದರೆ ಅದು ಟೋಲ್ ದಾಟಿಬಿಟ್ಟ ಗಾಡಿ! ಮುಟ್ಟಿನ ಮುಂಚೆ ಕಷ್ಟಪಡುವವರಲ್ಲಿ ಈ ಕೌಂಟರ್ ಇನ್ನೂ ನಿಧಾನ, ಇ1 ಸಾಲದೆ ಹಾರ್ಮೋನುಗಳ ಕಾಟ ಜಾಸ್ತಿ ಎಂಬುದು ವಾದ.

ಇದನ್ನು ಹಟ ಹಿಡಿದು ಬೆಳೆಸಿದವರು ಬ್ರಿಟನ್ನಿನ ಸಂಶೋಧಕ ಡೇವಿಡ್ ಹೊರೊಬಿನ್. ಎಕ್ಸಿಮಾ ಎಂಬ ಚರ್ಮದ ತುರಿಕೆಗೆ, ಸ್ತನದ ನೋವಿಗೆ ಅವರ ಕಂಪನಿಯ ಕ್ಯಾಪ್ಸೂಲ್‌ಗಳಿಗೆ ಬ್ರಿಟನ್ನಿನಲ್ಲಿ ಔಷಧಿಯ ಪರವಾನಗಿಯೇ ಸಿಕ್ಕಿತ್ತು. 2002ರಲ್ಲಿ, ಗುಣವಾಗುತ್ತದೆ ಎನ್ನಲು ಪುರಾವೆ ಸಾಲದು ಎಂದು ಅಲ್ಲಿನ ಔಷಧ ನಿಯಂತ್ರಕರು ಅದನ್ನು ಹಿಂದಕ್ಕೆ ಪಡೆದರು. ಮುಟ್ಟಿನ ಮುಂಚಿನ ತೊಂದರೆಗಳ ಬಗ್ಗೆ ನಡೆದ ಪ್ರಯೋಗಗಳನ್ನು 1996ರಲ್ಲಿ ಒಟ್ಟಿಗೆ ನೋಡಿದಾಗಲೂ ಹೆಚ್ಚೇನೂ ಉಪಯೋಗ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪ್ರಯೋಗದಲ್ಲಿ 120 ಮಹಿಳೆಯರಿದ್ದರು, ಅದರಲ್ಲಿ ಲಾಭ ಕಂಡಿತು ನಿಜ. ಆದರೆ ಆ ಗುಳಿಗೆಯಲ್ಲಿ ಜಿಎಲ್ಎ ಜೊತೆ ಬೇರೆ ಕೊಬ್ಬಿನಾಮ್ಲಗಳೂ ವಿಟಮಿನ್ ಇ ಕೂಡ ಇದ್ದವು. ಯಾವುದರ ಪುಣ್ಯ ಅಂತ ಹೇಳೋದು?

"ನನ್ನ ತಂಗಿಗೆ ಗುಣ ಆಯ್ತಲ್ವಾ?" ಅನ್ನುವವರಿಗೆ ಒಂದು ಲೆಕ್ಕ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಇದೇ ತೊಂದರೆಗಳಿಗೆ ಕ್ಯಾಲ್ಸಿಯಂ ಪರೀಕ್ಷಿಸಿದರು, ದಿನಕ್ಕೆ 1200 ಮಿಲಿಗ್ರಾಂ. ಮೂರನೇ ಮುಟ್ಟಿನ ಚಕ್ರದ ಹೊತ್ತಿಗೆ ತೊಂದರೆಗಳು ಶೇ 48ರಷ್ಟು ಇಳಿದವು. ಔಷಧಿ ಏನೂ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಶೇ 30 ಇಳಿದಿತ್ತು! ಎಣ್ಣೆಯೂ ಮೊದಲು ಈ 30ನ್ನು ದಾಟಿ ತೋರಿಸಬೇಕು. ಅಷ್ಟರವರೆಗೆ ದುಬಾರಿ ಕ್ಯಾಪ್ಸೂಲ್‌ಗಿಂತ ಕ್ಯಾಲ್ಸಿಯಂ ಬಗ್ಗೆ ವೈದ್ಯರನ್ನು ಕೇಳುವುದು ವಾಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಈ ಎಣ್ಣೆಯನ್ನು ಕೇಳದೆ ನುಂಗಬಾರದು.